ಮೆತ್ತೆಯಾಸನದ ಒಡಲು

ರಾಜ್ಯಾಭಿಷೇಕದ ಪ್ರಕರಣದಲ್ಲಿ ಐತರೇಯ ಬ್ರಾಹ್ಮಣವು ಆಸಂದಿಯೆಂಬ ಪೀಠವನ್ನು ವರ್ಣಿಸುತ್ತದೆ. ಅದರ ಚೌಕಟ್ಟು ಅತ್ತಿಯ ಮರದ್ದು. ಹೆಣಿಗೆ ಮುಂಜದ ಹುಲ್ಲಿನದು. ಮೇಲಣ ಹಾಸು ಹುಲಿಯ ಚರ್ಮ. ಮರ, ಹೆಣಿಗೆ, ಹಾಸು ಎಂಬ ಈ ಮೂರು ಅಂಗಗಳೂ ನೋಡುವವನ ಕಣ್ಣಿಗೆ ಕಾಣತಕ್ಕವು. ಐರೋಪ್ಯರ ಸೋಫಾ ಮತ್ತು ತೋಳುಕುರ್ಚಿಗಳಲ್ಲಿಯೂ ಈ ಮೂರೂ ಉಂಟು. ಆದರೆ ಅಲ್ಲಿ ಹೆಣಿಗೆಗೂ ಹಾಸಿಗೂ ನಡುವೆ ನಾಲ್ಕನೆಯದೊಂದು ಬಂದು ಸೇರಿತು. ಅದೇ ಮೆತ್ತೆಯ ಒಳಗಣ ತುಂಬುವಸ್ತು. ಆಸನದ ಸುಖವೆಲ್ಲವೂ ಅದರಲ್ಲಿರುತ್ತದೆ, ಅದಾದರೋ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದೆ ಇರುವ ಕಾರಣದಿಂದಲೇ ಅದು ವಂಚನೆಗೆ ಆಸ್ಪದವಾಯಿತು. ಅದೇ ಕಾರಣದಿಂದ ಹಿಂದಿನವರ ಕೈಕೆಲಸವು ಅಲ್ಲಿ ಕೆಡದೆ ಉಳಿಯಿತು.

ವಂಚನೆಯ ಮಾತು ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಏಳನೆಯ ಹೆನ್ರಿಯ ಆಳಿಕೆಯಲ್ಲಿ, 1495ರಲ್ಲಿ, ಮೆತ್ತೆಗೆಲಸದವರನ್ನು ಕುರಿತೇ ಒಂದು ಶಾಸನವಾಯಿತು. ಸುಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದ ಆಡು, ಜಿಂಕೆ, ದನ, ಕುದುರೆಗಳ ಕೂದಲನ್ನು ದಿಂಬುಗಳಲ್ಲಿ ತುಂಬಿ ಮಾರುತ್ತಿದ್ದರೆಂದೂ, ಕುಳಿತವನ ಮೈಯ ಕಾವು ತಗಲಿದೊಡನೆ ಅದರಿಂದ ಏಳುವ ದುರ್ಗಂಧವು ರೋಗಕ್ಕೆ ಕಾರಣವಾಗುತ್ತದೆಂದೂ ಅದರಲ್ಲಿ ದೂರಿದೆ. 1626ರಲ್ಲಿ ಒಂದನೆಯ ಚಾರ್ಲ್ಸನು ಲಂಡನ್ನಿನ ಮೆತ್ತೆಗೆಲಸದವರ ಶ್ರೇಣಿಗೆ ರಾಜಸನ್ನದನ್ನು ಕೊಟ್ಟನು. ವಿನೋದವೇನೆಂದರೆ, ಹಿಂದೆ ಕಲಬೆರಕೆಯ ಪಟ್ಟಿಯಲ್ಲಿದ್ದ ಕುದುರೆಯ ಕೂದಲೇ ಮುಂದೆ, ಅದನ್ನು ಶುದ್ಧಿಮಾಡುವ ಕ್ರಮವು ಚೆನ್ನಾಗಿ ತಿಳಿದ ಮೇಲೆ, ತುಂಬುವಸ್ತುಗಳಲ್ಲೆಲ್ಲ ಶ್ರೇಷ್ಠವೆನಿಸಿತು.

ನಡುವೆ ಒಮ್ಮೆ ಈ ಕಸುಬಿಗೆ ಪೂರ್ವದೇಶಗಳಿಂದ ಸ್ಪರ್ಧೆಯುಂಟಾಯಿತು. ಸುಮಾರು 1664ರಿಂದ ಇಂಗ್ಲೆಂಡಿನಲ್ಲಿ ಬೆತ್ತದ ಹೆಣಿಗೆಯ ಕುರ್ಚಿಗಳು ಬಳಕೆಗೆ ಬಂದುವು. ಅವು ಹಗುರ, ಧೂಳನ್ನಾಗಲಿ ನುಸಿಯನ್ನಾಗಲಿ ಹಿಡಿದಿಡುವುದಿಲ್ಲ. ಉಣ್ಣೆಯ ನೆಯ್ಗೆಯವರು ತಮ್ಮ ಬಟ್ಟೆಗೆ ಗಿರಾಕಿಯಿಲ್ಲವಾಯಿತೆಂದು ಪಾರ್ಲಿಮೆಂಟಿಗೆ ಮೊರೆಯಿಟ್ಟರು. ಆದರೂ ಮೆತ್ತೆಯು ಸೋಲಲಿಲ್ಲ. ಮನುಷ್ಯನಿಗೆ ಸ್ವಚ್ಛತೆಗಿಂತ ಸುಖವೇ ಪ್ರಿಯವೆಂದು ತೋರುತ್ತದೆ.

18ನೆಯ ಶತಮಾನದಲ್ಲಿ ಪ್ಯಾರಿಸು ಲಂಡನ್ನುಗಳ ಕೆಲಸಗಾರರು ಪರಿಪಕ್ವಗೊಳಿಸಿದ ಕ್ರಮವು ಹೀಗಿದೆ. ಮೊದಲು ಮರದ ಚೌಕಟ್ಟಿಗೆ ಅಗಲವಾದ ನಾರುಪಟ್ಟಿಗಳನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಚಾಪೆಯಂತೆ ಹೆಣೆದು, ಬಿಗಿಯಾಗಿ ಎಳೆದು, ಮೊಳೆ ಹೊಡೆಯುವರು. ಅದರ ಮೇಲೆ ಒರಟು ಬಟ್ಟೆ. ಆ ಬಟ್ಟೆಯಲ್ಲಿ ಹುರಿಯನ್ನು ಸಡಿಲವಾದ ಕುಣಿಕೆಗಳಾಗಿ ಹೊಲಿದು, ಒಂದೊಂದು ಕುಣಿಕೆಯ ಅಡಿಯಲ್ಲಿಯೂ ಹಿಡಿ ಹಿಡಿಯಾಗಿ ಕೂದಲನ್ನು ಸಿಕ್ಕಿಸುವರು. ಹೀಗೆ ಮಾಡದಿದ್ದರೆ ಕೂದಲೆಲ್ಲ ಒಂದು ಮೂಲೆಗೆ ಸರಿದುಹೋಗುವುದು. ಈ ಕೂದಲು ಸಾಮಾನ್ಯವಾದುದಲ್ಲ. ಬಾಲದ ಮತ್ತು ಕೇಸರದ ಕೂದಲನ್ನು ಹಗ್ಗವಾಗಿ ಹೊಸೆದು, ನೀರಿನಲ್ಲಿ ಕುದಿಸಿ, ಒಣಗಿಸಿ, ಆ ಬಳಿಕ ಹಗ್ಗವನ್ನು ಬಿಚ್ಚಿ ಹಿಂಜುವರು. ಹೊಸೆದ ಸುರುಳಿಯನ್ನು ಕೂದಲು ಮತ್ತೆ ಮರೆಯುವುದಿಲ್ಲ. ಒತ್ತಿದರೆ ತಗ್ಗಿ, ಬಿಟ್ಟರೆ ಏಳುತ್ತದೆ. ಅದರ ಮೇಲೆ ತೆಳುವಾದ ಬಟ್ಟೆಯನ್ನು ಹೊದಿಸಿ, ಎರಡು ತುದಿಗಳೂ ಮೊನಚಾದ ನೀಳ ದಬ್ಬಳದಿಂದ ಅಂಚಿನ ಸುತ್ತಲೂ ಸಾಲು ಸಾಲಾಗಿ ಹೊಲಿಯುವರು. ಹುರಿಯನ್ನು ಎಳೆದಂತೆಲ್ಲ ಒಳಗಣ ಕೂದಲು ಅಂಚಿಗೆ ಬಂದು, ಬೆರಳ ಗಾತ್ರದ ಗಟ್ಟಿಯಾದ ಸುರುಳಿಯಾಗಿ ನಿಲ್ಲುತ್ತದೆ. ಕುರ್ಚಿಗೆ ರೂಪವನ್ನು ಕೊಡುವುದು ಬಡಗಿಯೆಂದು ಜನರು ತಿಳಿಯುವರು. ಅರ್ಧ ಕೊಡುವುದು ಈ ದಬ್ಬಳವೇ. ಅನಂತರ ಎರಡನೆಯ ತೆಳುವಾದ ಕೂದಲಿನ ಪದರ, ಬಿಳಿಯ ಬಟ್ಟೆ, ಹತ್ತಿ, ಕಡೆಯಲ್ಲಿ ಮೇಲ್ಹೊದಿಕೆ. ಮಹಾಗನಿಯ ಕುರ್ಚಿಗಳಿಗೆ ಕುದುರೆಗೂದಲಿನಿಂದಲೇ ನೆಯ್ದ ಬಟ್ಟೆಯು ಉಚಿತವೆಂದು 1788ರಲ್ಲಿ ಪ್ರಕಟವಾದ ಹೆಪಲ್‌ವೈಟನ ಮಾದರಿಪುಸ್ತಕದಲ್ಲಿ ಹೇಳಿದೆ.

19ನೆಯ ಶತಮಾನವು ಈ ಒಡಲಿನಲ್ಲಿ ಎರಡು ಹೊಸ ವಸ್ತುಗಳನ್ನಿಟ್ಟಿತು. ಒಂದು ಸುರುಳಿತಂತಿಯ ಸ್ಪ್ರಿಂಗು; 1822ರಲ್ಲಿ ವಿಯೆನ್ನಾದ ಗೇಯೋರ್ಗ್ ಯುನಿಗಲನೂ 1828ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪ್ರಾಟನೂ ಇದಕ್ಕೆ ಸಂಬಂಧಿಸಿದ ಹಕ್ಕುಪತ್ರಗಳನ್ನು ಪಡೆದರು. ಇನ್ನೊಂದು ಭಾರತದ ನಾರು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಗಿರಣಿಗಳು ಬಂಗಾಳದ ಸೆಣಬನ್ನು ಯಂತ್ರದಲ್ಲಿ ನೂಲತೊಡಗಿದ ಮೇಲೆ, ಹಳೆಯ ಲಿನೆನ್ ಬಟ್ಟೆಯ ಸ್ಥಾನಕ್ಕೆ ಗೋಣಿಬಟ್ಟೆಯು ಬಂದಿತು. ಕಡಿಮೆ ಬೆಲೆಯ ಆಸನಗಳಲ್ಲಿ ಕೂದಲಿಗೆ ಬದಲಾಗಿ ತೆಂಗಿನ ನಾರೂ ಸೇರಿತು. ಆದಕಾರಣ 1750ರ ಕುರ್ಚಿಯೆಂದು ಹೊಗಳಿಸಿಕೊಳ್ಳುವ ಆಸನದ ಅಡಿಯಲ್ಲಿ ಗೋಣಿಬಟ್ಟೆಯು ಕಂಡುಬಂದರೆ, ಕನಿಷ್ಠಪಕ್ಷ ಒಂದು ಸಲವಾದರೂ ಅದರ ಹೊಟ್ಟೆಯನ್ನು ಯಾರೋ ಸೀಳಿರುವರೆಂದು ತಿಳಿಯಬೇಕು.

20ನೆಯ ಶತಮಾನದಲ್ಲಿ ಮೊದಲು ರಬ್ಬರಿನ ನೊರೆಮೆತ್ತೆಯೂ ಬಳಿಕ ರಾಸಾಯನಿಕ ನೊರೆಮೆತ್ತೆಯೂ ಬಂದುವು. ಒಂದು ವಾರದ ಕೆಲಸವು ಒಂದು ಗಂಟೆಯದಾಯಿತು. ಕೂದಲು ನೂರು ವರ್ಷ ಬಾಳಿದರೆ, ಈ ನೊರೆಯು ಕೆಲವೇ ದಶಕಗಳಲ್ಲಿ ಪುಡಿಯಾಗಿ ಉದುರುತ್ತದೆ. ಬೆಂಕಿ ತಗಲಿದರೆ ಅದರ ಹೊಗೆಯು ವಿಷ. 1979ರಲ್ಲಿ ಮ್ಯಾಂಚೆಸ್ಟರಿನ ಒಂದು ಅಂಗಡಿಯಲ್ಲಿ ಇಂಥ ಪೀಠೋಪಕರಣಗಳಿಗೆ ಬೆಂಕಿ ಹತ್ತಿ ಹತ್ತು ಮಂದಿ ಸತ್ತರು. 1988ರಲ್ಲಿ ಬ್ರಿಟನ್ನಿನ ಸರಕಾರವು ಕಠಿಣವಾದ ನಿಬಂಧನೆಗಳನ್ನು ಮಾಡಿದಾಗ, 1950ಕ್ಕೆ ಮೊದಲು ತಯಾರಾದ ಆಸನಗಳನ್ನು ಅವುಗಳಿಂದ ಹೊರತುಪಡಿಸಿತು.

ಈಗ ಹಳೆಯ ಆಸನವನ್ನು ಸರಿಪಡಿಸುವವನ ಧರ್ಮಸಂಕಟಕ್ಕೆ ಬರಬೇಕು. ಹಳೆಯ ಕ್ರಮದಿಂದಲೇ, ಹಳೆಯ ಸಾಮಗ್ರಿಯಿಂದಲೇ ಪುನಃ ಕಟ್ಟುವವನು ಕಸುಬನ್ನು ಉಳಿಸುತ್ತಾನೆ, ಸಂದೇಹವಿಲ್ಲ. ಆದರೆ ಹೊಸದನ್ನು ತುಂಬುವ ಮೊದಲು ಹಳೆಯದನ್ನು ಕಿತ್ತು ಎಸೆಯಬೇಕಷ್ಟೆ! ಆ ಕಸದಲ್ಲಿಯೇ ಕುರ್ಚಿಯ ಚರಿತ್ರೆಯು ಹೋಗಿಬಿಡುತ್ತದೆ. ಒಂದು ಮೊಳೆಯ ತಲೆಯ ಕೆಳಗೆ ಸಿಕ್ಕಿಕೊಂಡ ನಾಲ್ಕು ನೀಲಿಯ ಎಳೆಗಳು ಮೊದಲ ಹೊದಿಕೆಯ ಬಣ್ಣವನ್ನು ಹೇಳಬಲ್ಲವು. ಮರದಲ್ಲಿರುವ ತೂತುಗಳ ಸಾಲುಗಳನ್ನು ಎಣಿಸಿದರೆ ಅದಕ್ಕೆ ಎಷ್ಟು ಸಲ ಹೊದಿಕೆಯು ಬದಲಾಯಿತೆಂದು ಗೊತ್ತಾಗುತ್ತದೆ.

ಕೆಂಟ್ ಪ್ರಾಂತದ ನೋಲ್ ಎಂಬ ಮಹಾಗೃಹವು ಈ ವಿಷಯದಲ್ಲಿ ಪುಣ್ಯವಂತವಾದುದು. ಅದರ ಒಡೆಯನಾದ ಡಾರ್ಸೆಟ್ಟಿನ ಅರ್ಲನು 1689ರಿಂದ 1697ರ ವರೆಗೆ ಮೂರನೆಯ ವಿಲಿಯಮ್ಮನ ಮನೆವಾರ್ತೆಯ ಅಧಿಕಾರಿಯಾಗಿದ್ದನು. ಅರಮನೆಗೆ ಬೇಡವಾದ ಪೀಠೋಪಕರಣಗಳನ್ನು ಕೊಂಡೊಯ್ಯುವುದು ಆ ಹುದ್ದೆಯ ಸಲುವಳಿ. ಹೀಗೆ ಬಂದ ಸ್ಟೂವರ್ಟ್ ಕಾಲದ ಆಸನಗಳು ಅಲ್ಲಿ ಹೆಚ್ಚು ಬಳಕೆಯಿಲ್ಲದೆ ಉಳಿದುವು. ಎರಡು ಕಡೆಯ ತೋಳುಗಳನ್ನೂ ಇಳಿಸಬಹುದಾದ ಕೆಂಪು ಮಖಮಲ್ಲಿನ ಸೋಫಾ ಒಂದು ಅಲ್ಲಿದೆ. ಆ ಮಾದರಿಗೆಲ್ಲ ನೋಲ್ ಸೋಫಾ ಎಂದೇ ಹೆಸರು ನಿಂತಿತು. 1946ರಲ್ಲಿ ಮನೆಯು ನ್ಯಾಷನಲ್ ಟ್ರಸ್ಟಿಗೆ ಸೇರಿತು. 2017ರಲ್ಲಿ ಅಲ್ಲಿಯ ಹಳೆಯ ಕಣಜದ ಕಟ್ಟಡದಲ್ಲಿ ಒಂದು ಸಂರಕ್ಷಣಾಶಾಲೆಯು ತೆರೆಯಿತು. ಇಂಥ ಆಸನಗಳ ವಿಷಯದಲ್ಲಿ ಸಂರಕ್ಷಕರು ಹೊಸದನ್ನು ತುಂಬುವುದಿಲ್ಲ. ಧೂಳನ್ನು ತೆಗೆದು, ಸವೆದ ಮಖಮಲ್ಲಿನ ಮೇಲೆ ಅದೇ ಬಣ್ಣದ ತೆಳುವಾದ ಬಲೆಯನ್ನು ಹೊದಿಸಿ ಹೊಲಿದು ನಿಲ್ಲಿಸುವರು. ಅದರ ಮೇಲೆ ಮತ್ತೆ ಯಾರೂ ಕೂಡುವಂತಿಲ್ಲ.

ಮನೆಯ ಕುರ್ಚಿಗೆ ಈ ನಿಯಮವು ಸಲ್ಲದು. ಕೂಡದ ಕುರ್ಚಿಯು ಮನೆಗೇಕೆ? ಅದಕ್ಕೆ ಬಲ್ಲ ಕೆಲಸಗಾರರ ದಾರಿಯೇ ಯುಕ್ತವಾದುದು. ಅವರು ಒಂದೊಂದು ಪದರವನ್ನೂ ಬಿಚ್ಚುತ್ತ ಬರೆದಿಟ್ಟುಕೊಳ್ಳುವರು. ಹಳೆಯ ಕೂದಲನ್ನು ಎಸೆಯದೆ ತೊಳೆದು, ಹಿಂಜಿ, ಮತ್ತೆ ಅದೇ ಆಸನಕ್ಕೆ ತುಂಬುವರು. ಗೋಣಿಬಟ್ಟೆಯನ್ನು ಮುಚ್ಚುವ ಮೊದಲು ಚೌಕಟ್ಟಿನ ಒಳಮೈಯಲ್ಲಿ ಸೀಸದ ಕಡ್ಡಿಯಿಂದ ಹೆಸರನ್ನೂ ತಾರೀಖನ್ನೂ ಬರೆಯುವ ರೂಢಿಯು ಅವರಲ್ಲಿ ಹಿಂದಿನಿಂದಲೂ ಉಂಟು. ಒಡೆಯನಾಗಲಿ ಅತಿಥಿಯಾಗಲಿ ಅದನ್ನು ಕಾಣುವುದಿಲ್ಲ. ಐವತ್ತು ಅರುವತ್ತು ವರ್ಷಗಳ ಬಳಿಕ ಅದೇ ಮೊಳೆಗಳನ್ನು ಕೀಳಲು ಬರುವ ಮುಂದಿನ ಕೆಲಸಗಾರನು ಓದುತ್ತಾನೆ, ಓದಿ ಅದರ ಕೆಳಗೆ ತನ್ನದನ್ನು ಬರೆಯುತ್ತಾನೆ.