ಸಿಲಿಕೋನ್ ದ್ರವಗಳು ಮತ್ತು ಸೈಲೇನ್‌ಗಳು: ಸೊಲ್ಲಾಪುರದ ಜವಳಿಯ ನೆಲೆಯಲ್ಲಿ

ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದರಂತೆ ಕೊಂಡಿಯಾಗಿ, ಅವುಗಳ ಮೈಗೆ ಮೀಥೈಲ್ ಮೊದಲಾದ ಇಂಗಾಲದ ಗುಂಪುಗಳು ಅಂಟಿಕೊಂಡಿರುವ ಕೃತಕ ಎಣ್ಣೆಗಳೇ ಸಿಲಿಕೋನ್ ದ್ರವಗಳು. ಸಿಲಿಕಾನ್ ಮೂಲಧಾತು, ಸಿಲಿಕೋನ್ ಅದರಿಂದಾದ ಪಾಲಿಮರ್; ಅಂಗಡಿಯ ಚೀಟಿಯಲ್ಲಿ ಮಾತ್ರ ಎರಡೂ ‘ಸಿಲಿಕಾನ್’ ಆಗಿಬಿಡುವುದುಂಟು. ಇವುಗಳ ಕಚ್ಚಾವಸ್ತು ಸೈಲೇನ್ ವರ್ಗದ ಸಂಯುಕ್ತಗಳು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ದಶಕಗಳ ಕಾಲ ಸಿಲಿಕಾನಿನ ಇಂಥ ಸಂಯುಕ್ತಗಳನ್ನು ಅಭ್ಯಸಿಸಿದರೂ, ಇವುಗಳಿಂದ ಹೆಚ್ಚಿನ ಪ್ರಯೋಜನವಾದೀತೆಂದು ಆತನಿಗೇ ಅನ್ನಿಸಿರಲಿಲ್ಲ. 1940ರಲ್ಲಿ ಅಮೆರಿಕದ ಯೂಜೀನ್ ರೋಚೊ, ತಾಮ್ರದ ಸಮ್ಮುಖದಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಸಿಲಿಕಾನ್ ಪುಡಿಯ ಮೇಲೆ ಮೀಥೈಲ್ ಕ್ಲೋರೈಡ್ ಹಾಯಿಸಿ ಕ್ಲೋರೊಸೈಲೇನ್‌ಗಳನ್ನು ಪಡೆದ. ಜರ್ಮನಿಯ ರಿಚರ್ಡ್ ಮ್ಯುಲ್ಲರ್ ಸ್ವತಂತ್ರವಾಗಿ ಅದೇ ದಾರಿ ಕಂಡುಕೊಂಡ. ಕ್ಲೋರೊಸೈಲೇನ್ ನೀರಿನೊಡನೆ ಸೇರಿದರೆ ಸಿಲಿಕೋನ್. 1943ರಲ್ಲಿ ಸ್ಥಾಪನೆಯಾದ ಡೌ ಕಾರ್ನಿಂಗ್ ಮೊದಲು ಒದಗಿಸಿದ್ದು ಯುದ್ಧವಿಮಾನಗಳ ಇಂಜಿನ್ನಿಗೆ ತೇವ ತಾಗದಂತೆ ಕಾಯುವ ಲೇಪವನ್ನು. ನೀರನ್ನು ದೂರವಿಡುವುದೇ ಈ ವಸ್ತುವಿನ ಹುಟ್ಟುಗುಣ.

ಸೊಲ್ಲಾಪುರಕ್ಕೆ ಬಂದರೆ ಈ ಗುಣವೇ ತೊಡಕು. 1877ರಲ್ಲಿ ಮೊದಲ ಗಿರಣಿ ಕಂಡ ಈ ಊರಿನ ಚಾದರಕ್ಕೂ ಟೆರ್ರಿ ಟವೆಲ್ಲಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಕನ್ನಡ ಮಾತಿನ ಅಕ್ಕಲಕೋಟೆಯತ್ತ ಹೋಗುವ ರಸ್ತೆಯ ಕೈಗಾರಿಕಾ ವಸಾಹತು ಪವರ್‌ಲೂಮ್‌ಗಳ ನೆಲೆ. ಗಿರಾಕಿ ಟವೆಲ್ಲನ್ನು ಮೊದಲು ಕೈಯಿಂದ ಸವರಿ ನೋಡುತ್ತಾನೆ. ನೀರು ಹೀರುತ್ತದೋ ಇಲ್ಲವೋ ತಿಳಿಯುವುದು ಮನೆಗೆ ಒಯ್ದ ಮೇಲೆ. ಬಣ್ಣ ಹಾಕಿ ತೊಳೆದ ಹತ್ತಿಗೆ ಕೊನೆಯ ನೀರಿನಲ್ಲಿ ಅಮೈನೊ ಸಿಲಿಕೋನ್ ಕೊಟ್ಟರೆ, ಅದರ ಅಮೈನೊ ಗುಂಪು ಎಳೆಗೆ ಕಚ್ಚಿಕೊಳ್ಳುತ್ತದೆ, ಬಳುಕುವ ಸರಪಣಿ ಎಳೆಗಳ ನಡುವಿನ ತಿಕ್ಕಾಟ ತಗ್ಗಿಸುತ್ತದೆ. ಬಟ್ಟೆ ಬೆಣ್ಣೆಯಂತಾಗುತ್ತದೆ, ಆದರೆ ಮೈ ಒರೆಸಿದರೆ ನೀರು ಜಾರುತ್ತದೆ. ಬಿಸಿ ಹೆಚ್ಚಾದರೆ ಬಿಳಿ ಟವೆಲ್ ಹಳದಿಗೆ ತಿರುಗುವುದೂ ಉಂಟು.

ಇದಕ್ಕೆ ರಸಾಯನಜ್ಞರು ಕೊಟ್ಟ ಪರಿಹಾರ, ಸರಪಣಿಗೆ ನೀರೊಲಿಯುವ ಪಾಲಿಈಥರ್ ತುಂಡುಗಳನ್ನು ಜೋಡಿಸುವುದು. ಮೃದುತ್ವ ತುಸು ಕಡಿಮೆಯಾದರೂ ಹೀರುವ ಗುಣ ಉಳಿಯುತ್ತದೆ. ಪರೀಕ್ಷೆ ಸರಳ: ಟವೆಲ್ಲಿನ ತುಂಡನ್ನು ನೀರಿಗೆ ಬಿಟ್ಟು ಮುಳುಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸುವುದು. ಡೈಯಿಂಗ್‌ನವರ ನಿಜವಾದ ತಲೆನೋವು ಬೇರೆ. ಸಿಲಿಕೋನ್ ಎಣ್ಣೆಯನ್ನು ನೀರಿನಲ್ಲಿ ಕದಡಿ ಬಳಸುವ ಮಿಶ್ರಣ, ಬಟ್ಟೆಯಲ್ಲಿ ಕ್ಷಾರ ಉಳಿದಿದ್ದರೆ ಒಡೆದು ಕಲೆಯಾಗುತ್ತದೆ; ಆ ಕಲೆ ಸುಲಭಕ್ಕೆ ಹೋಗದು, ಅದರ ಮೇಲೆ ಮತ್ತೆ ಬಣ್ಣವೂ ಸರಿಯಾಗಿ ಹಿಡಿಯದು.

ಸಿಲಿಕೋನ್ ದ್ರವ ಡೈಯಿಂಗ್ ಯಂತ್ರದಲ್ಲಿ ನೊರೆಯನ್ನೂ ಇಳಿಸುತ್ತದೆ, ಹೊಲಿಗೆ ದಾರಕ್ಕೆ ಜಾರುಮೈ ಕೊಡುತ್ತದೆ. ಸಮವಸ್ತ್ರವನ್ನೂ ಹೊಲಿಯುವ ಸೊಲ್ಲಾಪುರಕ್ಕೆ ಇದೂ ಬೇಕಾದದ್ದೇ: ವೇಗದ ಯಂತ್ರದಲ್ಲಿ ಸೂಜಿ ಕಾದಷ್ಟೂ ದಾರ ಕಡಿಯುತ್ತದೆ. ಸೈಲೇನ್‌ಗಳು ಗಾಜಿನ ನಾರನ್ನು ರಾಳಕ್ಕೆ ಬೆಸೆಯಲು, ಕಲ್ಲುಗೋಡೆಗೆ ನೀರು ಇಳಿಯದಂತೆ ತಡೆಯಲು ಬಳಕೆಯಲ್ಲಿವೆ.

2018ರಲ್ಲಿ ಯೂರೋಪಿನ ಒಕ್ಕೂಟ, ಸಿಲಿಕೋನ್ ತಯಾರಿಕೆಯಲ್ಲಿ ಉಳಿದುಹೋಗುವ ಡಿ-4, ಡಿ-5, ಡಿ-6 ಎಂಬ ಉಂಗುರಾಕಾರದ ಅಣುಗಳನ್ನು ತೀವ್ರ ಕಳವಳದ ವಸ್ತುಗಳ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಟವೆಲ್ ಕಳಿಸುವವರು ಈಗ ಮೃದುಕಾರಕದ ಡ್ರಮ್ಮಿನ ಜೊತೆಗೆ ಇವುಗಳ ಪ್ರಮಾಣ ತಿಳಿಸುವ ಕಾಗದವನ್ನೂ ಕೇಳಿ ಪಡೆಯಬೇಕಾಗುತ್ತದೆ.