ಕುತೂ ಮತ್ತು ಕುತುಪ: ತೊಗಲ ಪಾತ್ರೆಗಳ ನಿರ್ಮಾಣವಿಚಾರ

ಪ್ರಾಚೀನ ಕೋಶಗಳಲ್ಲಿ ಬರುವ ಕೆಲವು ಶಬ್ದಗಳಿಗೆ ಅರ್ಥವನ್ನು ಹೇಳುವುದು ಸುಲಭ. ಆ ಶಬ್ದವು ಸೂಚಿಸುವ ವಸ್ತುವನ್ನು ಹೇಗೆ ಮಾಡುತ್ತಿದ್ದರೆಂಬುದನ್ನು ಹೇಳುವುದು ಕಷ್ಟ. ‘ಕುತೂ’ ಎಂಬುದು ಅಂತಹ ಶಬ್ದಗಳಲ್ಲೊಂದು. ಅಮರಸಿಂಹನು ವೈಶ್ಯವರ್ಗದಲ್ಲಿ ತೊಗಲಿನಿಂದಾದ ಸ್ನೇಹಪಾತ್ರಕ್ಕೆ ಕುತೂ ಎಂದೂ, ಅದು ಚಿಕ್ಕದಾದರೆ ಕುತುಪವೆಂದೂ ಹೆಸರನ್ನು ಕೊಟ್ಟಿರುತ್ತಾನೆ. ಸ್ನೇಹವೆಂದರೆ ಇಲ್ಲಿ ಎಣ್ಣೆ, ತುಪ್ಪ ಮೊದಲಾದ ಜಿಡ್ಡು. ಅವನಿಗಿಂತ ಬಹು ಹಿಂದಿನವನಾದ ಪಾಣಿನಿಯು ಈ ಹ್ರಸ್ವಾರ್ಥಕ ರೂಪವನ್ನು ಸಾಧಿಸುವುದಕ್ಕಾಗಿಯೇ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರವನ್ನು (೫-೩-೮೯) ಮೀಸಲಿಟ್ಟಿದ್ದಾನೆ. ಪಾತ್ರೆಯೊಂದರ ಹಿರಿದು ಕಿರಿದುಗಳಿಗೆ ವ್ಯಾಕರಣದಲ್ಲಿಯೇ ಸ್ಥಾನ ದೊರೆತಿರುವುದರಿಂದ ಅದು ಜನರ ನಿತ್ಯದ ಬಳಕೆಯಲ್ಲಿತ್ತೆಂದು ತಿಳಿಯಬಹುದು. ಆದರೆ ಅದರ ನಿರ್ಮಾಣಕ್ರಮದ ವಿಷಯದಲ್ಲಿ ಕೋಶವೂ ಮೌನ, ವ್ಯಾಕರಣವೂ ಮೌನ.

ಈ ಮೌನಕ್ಕೆ ಉತ್ತರವು ಕುಶಲಕರ್ಮಿಗಳ ಕೈಕೆಲಸದಲ್ಲಿ ದೊರೆಯುತ್ತದೆ. ರಾಜಸ್ಥಾನದ ಬಿಕಾನೇರಿನ ‘ಕುಪ್ಪಿ’ಯು ಒಂಟೆಯ ತೊಗಲಿನ ಪಾತ್ರೆ. ಕೂದಲನ್ನೂ ಮಾಂಸಾಂಶವನ್ನೂ ತೆಗೆದ, ಆದರೆ ಹದಮಾಡದ, ಹಸಿಯ ತೊಗಲನ್ನು ನೀರಿನಲ್ಲಿ ನೆನೆಯಿಸಿ, ಗುಂಡಾದ ಮಣ್ಣಿನ ಅಚ್ಚಿನ ಮೇಲೆ ಹೊದಿಸುತ್ತಾರೆ. ಅಂಚುಗಳನ್ನು ಹೊಲಿಯದೆ ಒಂದರ ಮೇಲೊಂದು ಬರುವಂತೆ ಒತ್ತಿ ಅಂಟಿಸುತ್ತಾರೆ. ತೊಗಲು ಒಣಗಿದ ಮೇಲೆ ಒಳಗಿನ ಅಚ್ಚನ್ನು ಪುಡಿಮಾಡಿ ಬಾಯಿಂದ ಸುರಿದುಬಿಡುತ್ತಾರೆ. ನೆನೆದಾಗ ಸಡಿಲವಾಗಿದ್ದ ನಾರುಗಳು ಒಣಗುತ್ತ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅಚ್ಚಿನ ಆಕಾರವು ಹಾಗೆಯೇ ನಿಲ್ಲುತ್ತದೆ.

ಹೀಗಾದ ಪಾತ್ರೆಗೆ ನೀರು ಶತ್ರು, ಎಣ್ಣೆ ಮಿತ್ರ. ಹದಮಾಡದ ತೊಗಲು ನೀರಿನಲ್ಲಿ ಮತ್ತೆ ಮೆತ್ತಗಾಗುತ್ತದೆ, ಜಿಡ್ಡಿನಿಂದ ಹಾಗಾಗದು. ಋಗ್ವೇದದ ಪರ್ಜನ್ಯಸೂಕ್ತದಲ್ಲಿ ಮಳೆಯ ಮೋಡಕ್ಕೆ ಉಪಮಾನವಾಗಿ ಬರುವ ‘ದೃತಿ’ಯು ನೀರಿನ ಚೀಲ. ಅಮರನ ಕುತೂವಾದರೋ ಸ್ನೇಹಪಾತ್ರ. ಈ ಭೇದವು ಕೇವಲ ಪರ್ಯಾಯಪದಗಳ ಭೇದವಲ್ಲ; ದ್ರವ್ಯದ ಗುಣದಿಂದ ಹುಟ್ಟಿದ ಭೇದವೆಂದು ಊಹಿಸಲು ಅವಕಾಶವಿದೆ.

ಹೆಸರು ನಿರ್ಮಾಣಕ್ರಮವನ್ನು ಹೇಳದಿದ್ದರೆ ಹೀಗೆ. ತಪ್ಪಾಗಿ ಹೇಳಿದರೆ ಏನಾಗುವುದೆಂಬುದಕ್ಕೆ ಯೂರೋಪಿನಲ್ಲಿ ನಿದರ್ಶನವಿದೆ. ಅಲ್ಲಿ ಅಚ್ಚಿನಿಂದ ರೂಪಿಸಿದ ಗಟ್ಟಿ ತೊಗಲಿಗೆ ಮಧ್ಯಯುಗದ ಫ್ರೆಂಚರು ಕೊಟ್ಟ ಹೆಸರು ‘ಕ್ವಿರ್ ಬುಯೀ’, ಎಂದರೆ ಬೇಯಿಸಿದ ತೊಗಲು. ೧೨೭೮ರಲ್ಲಿ ವಿಂಡ್ಸರಿನಲ್ಲಿ ನಡೆದ ಕ್ರೀಡಾಯುದ್ಧಕ್ಕೆ ೩೮ ತೊಗಲ ಕವಚಗಳು ಸಿದ್ಧವಾದುವು. ಚಾಸರ್ ಕವಿಯು ಸರ್ ಥೋಪಾಸನ ಜಂಘಾಕವಚವನ್ನು ಈ ಹೆಸರಿನ ತೊಗಲಿನದೆಂದೇ ವರ್ಣಿಸಿದ್ದಾನೆ. ಹೆಸರನ್ನು ನಂಬಿದವರು ತೊಗಲನ್ನು ಕುದಿಸುತ್ತಿದ್ದರೆಂದು ಬರೆದರು. ಆದರೆ ಮರದ ತೊಗಟೆಯಿಂದ ಹದಮಾಡಿದ ತೊಗಲು ಸುಮಾರು ೭೦ರಿಂದ ೮೫ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿಯೇ ಮುದುಡಿ ಕುಗ್ಗತೊಡಗುತ್ತದೆ. ಕುದಿಯುವ ನೀರಿನಲ್ಲಿ ಬಿಟ್ಟರೆ ಪೆಡಸಾಗಿ ಕೆಡುತ್ತದೆ. ತೊಗಲನ್ನು ತಣ್ಣೀರಿನಲ್ಲಿ ನೆನೆಯಿಸಿ, ಅಚ್ಚಿಗೆ ಒತ್ತಿ, ಹಿತವಾದ ಶಾಖದಲ್ಲಿ ಒಣಗಿಸುತ್ತಿದ್ದರೆಂದು ಇಪ್ಪತ್ತನೆಯ ಶತಮಾನದಲ್ಲಿ ಜಾನ್ ವಾಟರರ್ ಪ್ರತಿಪಾದಿಸಿದನು. ಕುಪ್ಪಿಯದು ಹಸಿಯ ತೊಗಲು, ಇದು ಹದಮಾಡಿದ್ದು. ದ್ರವ್ಯ ಬೇರೆಯಾದರೂ ನೆನೆಯಿಸಿ ಒಣಗಿಸುವ ತತ್ತ್ವವೊಂದೇ.

ಕನ್ನಡದಲ್ಲಿ ಎಣ್ಣೆ ತುಪ್ಪಗಳ ತೊಗಲ ಪಾತ್ರೆಗೆ ‘ಸಿದ್ದಿಗೆ’, ‘ಬುದ್ದಲಿ’ ಎಂಬ ಹೆಸರುಗಳಿವೆ. ತಗಡಿನ ಡಬ್ಬಗಳು ಬಂದ ಮೇಲೆ ವಸ್ತುವು ಮರೆಯಾಗಿ ಶಬ್ದ ಮಾತ್ರ ಕೋಶದಲ್ಲಿ ಉಳಿಯಿತು. ಕುಪ್ಪಿಯ ಮೇಲೆ ಚಿನ್ನದ ಚಿತ್ರಗಳನ್ನು ಬರೆದ ಹಿಸಾಮುದ್ದೀನ್ ಉಸ್ತಾನಿಗೆ ೧೯೮೬ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಚಿತ್ರಕ್ಕೆ ಆಧಾರವಾದ ಪಾತ್ರೆಯನ್ನು ತಲೆತಲಾಂತರದಿಂದ ಮಾಡಿದವರ ಹೆಸರುಗಳು ಗ್ರಂಥಸ್ಥವಾಗಿಲ್ಲ. ಅವರ ವಿದ್ಯೆಯ ಲಿಖಿತ ಸಾಕ್ಷ್ಯವು ಬಹುಮಟ್ಟಿಗೆ ಇಂತಹ ನಾಲ್ಕಾರು ಶಬ್ದಗಳಲ್ಲಿ ಅಡಗಿರುವುದರಿಂದ, ಅವನ್ನೆಲ್ಲ ‘ಚರ್ಮದ ಚೀಲ’ವೆಂಬ ಒಂದೇ ಅರ್ಥದಲ್ಲಿ ಮುಗಿಸದೆ, ಮೆತ್ತನೆಯ ಚೀಲ ಯಾವುದು, ಅಚ್ಚಿನಿಂದಾದ ಗಡುಸು ಪಾತ್ರೆ ಯಾವುದು ಎಂಬ ವಿವೇಚನೆಯನ್ನು ಟೀಕಾಕಾರರೂ ಅಧ್ಯಾಪಕರೂ ಮಾಡತಕ್ಕದ್ದಾಗಿದೆ.