ಹೆಬ್ಬಾಗಿಲ ಮಳೆ

ಎಕ್ಕಂಬಿಯಲ್ಲಿ ಮಳೆ ಹಿಡಿದು ಕೂತ ಒಂದು ಸಂಜೆ ಆಯಿ, ನಾನು, ಮಕ್ಕಳು ಜಗಲಿಯಲ್ಲಿ ಕುಳಿತು ಅಕಿರಾ ಕುರೋಸಾವಾನ ‘ರಾಶೋಮನ್’ ಚಿತ್ರವನ್ನು ಡಿವಿಡಿಯಲ್ಲಿ ನೋಡಿದೆವು. ಆ ಚಿತ್ರವೂ ಮಳೆಯಿಂದಲೇ ಮೊದಲಾಗುತ್ತದೆ. ಪಾಳುಬಿದ್ದ ಹೆಬ್ಬಾಗಿಲ ಕೆಳಗೆ ಮಳೆಗೆ ನಿಂತವರ ಮಾತೇ ಅದರ ಚೌಕಟ್ಟು.

ಅಕುತಗಾವಾನ ಎರಡು ಸಣ್ಣಕತೆಗಳಿಂದ ಕುರೋಸಾವಾ ಇದನ್ನು ಹೆಣೆದನು. ಹೆಬ್ಬಾಗಿಲು 1915ರ ಕತೆಯದು. ಕಾಡಿನ ಕೊಲೆ 1922ರದು. ಚಿತ್ರ ತೆರೆಗೆ ಬಂದದ್ದು 1950ರಲ್ಲಿ, ಯುದ್ಧದಲ್ಲಿ ಸೋತ ಜಪಾನು ಇನ್ನೂ ಪರರ ಅಂಕೆಯಲ್ಲಿದ್ದಾಗ. ಮರುವರ್ಷ ವೆನಿಸ್ಸಿನಲ್ಲಿ ಚಿನ್ನದ ಸಿಂಹವನ್ನು ಗೆದ್ದುಕೊಂಡು ಅದು ಜಗತ್ತಿನ ಕಣ್ಣನ್ನು ಜಪಾನಿನತ್ತ ತಿರುಗಿಸಿತು.

ಕನ್ನಡಕ್ಕೂ ಕುರೋಸಾವಾ ಹೊರಗಿನವನಲ್ಲ. ನಮ್ಮ ನೆರೆಯ ಸಾಗರ ಸೀಮೆಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಅವನ ಸಮುರಾಯ್ ಚಿತ್ರಗಳಿಗೆ ಋಣಿಯಾಗಿದೆ. 2014ರ ‘ಉಳಿದವರು ಕಂಡಂತೆ’ ಚಿತ್ರವಂತೂ ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಕಾಣಿಸಿತು.

ಕಾಡಿನಲ್ಲಿ ಒಬ್ಬ ಸಮುರಾಯ್ ಸತ್ತಿದ್ದಾನೆ. ದರೋಡೆಕೋರ, ಸತ್ತವನ ಹೆಂಡತಿ, ಮೈದುಂಬಿದವಳ ಬಾಯಿಂದ ಸತ್ತವನು, ಕೊನೆಗೆ ಸೌದೆ ಕಡಿಯುವವನು – ನಾಲ್ವರದು ನಾಲ್ಕು ಕತೆ. ಯಾರೂ ತಲೆ ಉಳಿಸಿಕೊಳ್ಳಲು ಸುಳ್ಳಾಡುವುದಿಲ್ಲ. ಮಾನ ಉಳಿಸಿಕೊಳ್ಳಲು ಆಡುತ್ತಾರೆ. ಮಳೆಗಾಲದ ತಾಳಮದ್ದಲೆಯಲ್ಲಿ ಕರ್ಣನ ಅರ್ಥ ಕೇಳಿದಾಗ ಕರ್ಣನೇ ಸರಿ, ಕೃಷ್ಣನದು ಕೇಳಿದಾಗ ಕೃಷ್ಣನೇ ಸರಿ ಎನಿಸಿದವರಿಗೆ ಈ ಇಕ್ಕಟ್ಟು ಹೊಸದಲ್ಲ. ನ್ಯಾಯಾಧಿಕಾರಿಯನ್ನು ಚಿತ್ರ ತೋರಿಸುವುದೇ ಇಲ್ಲ. ಸಾಕ್ಷಿಗಳು ನಮ್ಮತ್ತಲೇ ಮುಖಮಾಡಿ ನುಡಿಯುತ್ತಾರೆ.

ಮನೆಯಲ್ಲಿ ನೋಡುವುದರ ಅನುಕೂಲವೆಂದರೆ, ಬೇಕಾದಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗಬಹುದು. ಮಗ ಮೂರು ಸಲ ಹಾಗೆ ಮಾಡಿದ, ಸತ್ಯ ಸಿಕ್ಕಲಿಲ್ಲ. ಸೌದೆಯವನು ಕಠಾರಿಯನ್ನು ಕದ್ದದ್ದು ಹೊರಬಿದ್ದಾಗ ಮಾತ್ರ ಆಯಿ ಬಾಯಿ ತೆರೆದಳು:

“ತೋಟ ಪಾಲಾದ ದಿನ ನಾವೆಲ್ಲ ಹೀಗೇ ಹೇಳಿದ್ದೆವು. ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ.”

ಚಿಕ್ಕಪ್ಪನ ಮನೆಗೂ ನಮ್ಮ ಮನೆಗೂ ಮಾತು ನಿಂತು ವರ್ಷಗಳೇ ಆಗಿವೆ. ಅಪ್ಪನ ಮಾತೇ ಸತ್ಯವೆಂದು ನಂಬಿ ನಾನು ಬೆಳೆದವನು. ಮುಚ್ಚಿಟ್ಟ ಮಾತು ಏನೆಂದು ಕೇಳಲು ಅಂದು ನನಗೆ ಧೈರ್ಯ ಬರಲಿಲ್ಲ.

ಚಿತ್ರದ ಕೊನೆಯಲ್ಲಿ ಮಳೆ ನಿಲ್ಲುತ್ತದೆ. ಯಾರೋ ತೊರೆದುಹೋದ ಹಸುಗೂಸನ್ನು ಆ ಕಳ್ಳ ಸಾಕ್ಷಿಯೇ ಎತ್ತಿಕೊಂಡು ಮನೆಗೆ ನಡೆಯುತ್ತಾನೆ. ಸತ್ಯ ತೀರ್ಮಾನವಾಗದಿದ್ದರೂ ಮನುಷ್ಯನು ಮಾಡಬಹುದಾದದ್ದು ಉಳಿದಿರುತ್ತದೆ. ನಮ್ಮ ಅಂಗಳದಲ್ಲಿ ಮಾತ್ರ ಮಳೆ ಇನ್ನೂ ಸುರಿಯುತ್ತಿತ್ತು.